ಬ್ಯಾನರಿನ ಕೊನೆಯ ಸಾಲು

ನಮ್ಮೂರು ಉಡಿಗಾಲದಲ್ಲಿ ಯಾರಾದರೂ ತೀರಿಕೊಂಡರೆ, ಬಸ್ ಸ್ಟಾಪಿನ ಹತ್ತಿರ ಅವರ ಬ್ಯಾನರ್ ಏಳುವವರೆಗೆ ಅವರು ಪೂರ್ತಿ ಸತ್ತರು ಅಂತ ಯಾರೂ ಒಪ್ಪುವುದಿಲ್ಲ. ಮಣ್ಣು ಮಾಡಿ ಬಂದಿರಲಿ, ಮೂರನೆಯ ದಿನದ ಹಾಲು-ತುಪ್ಪ ಮುಗಿದಿರಲಿ, ಫ್ಲೆಕ್ಸ್ ಮೇಲೆ ಫೋಟೋ ಬಂದು ಅದರ ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’ ಅಂತ ಬಿದ್ದರೇನೇ ಜನಕ್ಕೆ ಸಮಾಧಾನ. ಹನ್ನೊಂದನೆಯ ದಿನ ತಿಥಿಗೆ ಬರುವ ನೆಂಟರು ಬಸ್ಸಿಳಿದವರೇ ಮೊದಲು ನೋಡುವುದು ಅದನ್ನು. ಊಟ ಆಮೇಲೆ.

ಆ ಬ್ಯಾನರಿನ ಮಾತುಗಳನ್ನು ಬರೆಯುವವಳು ನಾನು. ಯಾರೂ ನೇಮಿಸಿದ್ದಲ್ಲ. ಗುಂಡ್ಲುಪೇಟೆಯ ಶಾಲೆಯಲ್ಲಿ ಕನ್ನಡ ಟೀಚರಾಗಿದ್ದೇ ನಾನು ಮಾಡಿದ ತಪ್ಪು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ, ಬ್ಯಾನರ್ ಅಂಗಡಿ ಅಲ್ಲಿನ ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಇದೆ. ‘ಎಂಗೂ ಓಯ್ತಿರಲ್ಲ ಟೀಚರೇ, ಎಲ್ಡ್ ಮಾತು ಬರ್ದು ಕೊಟ್ಬುಟ್ಟು ಬನ್ನಿ’ ಅಂತ ಫೋಟೋ ಕೈಗಿಟ್ಟು ಹೋಗಿಬಿಡುತ್ತಾರೆ. ಸಾವಾದ ಮನೆಯವರಿಗೆ ಆಗಲ್ಲ ಅನ್ನುವುದು ಹೇಗೆ? ಸರಳ ಜೀವಿ, ಮೃದುಭಾಷಿ, ಅಜಾತಶತ್ರು. ಈ ಮೂರು ಪದಗಳನ್ನೇ ಹಿಂದೆ ಮುಂದೆ ಮಾಡಿ ಎರಡು ವರ್ಷದಲ್ಲಿ ನಮ್ಮ ಬೀದಿಯ ಐದು ಜನರನ್ನು ಕಳಿಸಿಕೊಟ್ಟಿದ್ದೇನೆ.

ಈ ನೆಮ್ಮದಿಗೆ ಕಲ್ಲು ಹಾಕಿದವರು ನನ್ನ ಸೋದರತ್ತೆ.

ಅತ್ತೆಯನ್ನು ಊರೊಳಗೇ ಕೊಟ್ಟಿದ್ದರು, ಬೀದಿ ದಾಟಿದರೆ ಅವರ ಮನೆ. ಅಕ್ಷರ ಬರುತ್ತಿರಲಿಲ್ಲ. ಬಾಯಿ ಮಾತ್ರ ಡಿಗ್ರಿವರೆಗೂ ಓದಿತ್ತು. ಹೊಸ ಬ್ಯಾನರ್ ಎದ್ದ ಸಂಜೆ ನಾನು ಬಸ್ಸಿಳಿಯುವ ಹೊತ್ತಿಗೆ ಸರಿಯಾಗಿ ಅದರ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿರುತ್ತಿದ್ದರು. ಜೊತೆಗೆ ಪಕ್ಕದ ಮನೆಯ ಅಜ್ಜಿ, ಅವರಿಗೂ ಓದು ಬಾರದು. ಅಜ್ಜಿ ಬರುತ್ತಿದ್ದದ್ದು ಕೇಳುವುದಕ್ಕೆ, ಅತ್ತೆ ಬರುತ್ತಿದ್ದದ್ದು ತೀರ್ಪು ಕೊಡುವುದಕ್ಕೆ.

‘ಓದಮ್ಮಿ, ಏನ್ ಬರ್ದಿದ್ದೀಯ ನೋಡವ.’

ಒಂದು ಸಲ ನಾನು ‘ಅಜಾತಶತ್ರು’ ಅಂತ ಓದಿದೆ. ತೀರಿಕೊಂಡವರು ಅತ್ತೆಯ ಪಕ್ಕದ ಹೊಲದವರು.

‘ಅಂಗಂದ್ರ?’

‘ಶತ್ರುಗಳೇ ಇಲ್ಲದೋರು ಅಂತ ಅತ್ತೆ.’

‘ಅಯ್ಯೋ ನಿನ್ನ! ವರ್ಸ ವರ್ಸ ಉಳುವಾಗ ನಮ್ ಬದ ಒಂದೊಂದ್ ಗೇಣು ಒಳಕ್ಕ ತಳ್ತಿದ್ನಲ್ಲ, ನಾನೇನು ಅವ್ನಿಗ ನೆಂಟ್ತಿಯಾ?’

ಬಸ್ಸಿಗೆ ಕಾಯುತ್ತಿದ್ದವರೆಲ್ಲ ಈ ಕಡೆ ತಿರುಗಿದರು. ಸತ್ತವರ ತಮ್ಮನೂ ಅಲ್ಲೇ ಇದ್ದ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಅತ್ತೆಯ ಮಾತು ಅಲ್ಲಿಗೇ ನಿಲ್ಲಲಿಲ್ಲ. ‘ನಮ್ ಹಸ ಕೆರೇಲಿ ಹೂತ್ಕಂಡಾಗ ಎದಮಟ್ಟ ಕೆಸ್ರಿಗ ಇಳ್ದೋನು ಅವ್ನೊಬ್ನೇಯ. ಮಿಕ್ಕೋರೆಲ್ಲ ಏರಿ ಮ್ಯಾಲ ನಿಂತ್ಕಂಡು ಬುದ್ಧಿ ಏಳ್ತಿದ್ರು. ಅದ ಬರಿ! ಬದ ಒತ್ತಿದ್ದೂ ಬರಿ, ಹಸ ಎತ್ತಿದ್ದೂ ಬರಿ. ಆಗ ಗೊತ್ತಾಯ್ತದ ಸತ್ತೋನು ಯಾರು ಅಂತ.’

ಸತ್ತವರ ತಮ್ಮನೇ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ. ನನ್ನ ‘ಅಜಾತಶತ್ರು’ವನ್ನು ಓದಿ ಯಾರೂ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿಲ್ಲ.

ಅಂಗಡಿಯವನನ್ನೂ ಅತ್ತೆ ಬಿಟ್ಟವರಲ್ಲ. ಅವನ ಕಂಪ್ಯೂಟರಿನಲ್ಲಿ ಒಂದು ನೀಲಿ ಕೋಟಿದೆ. ತೀರಿಕೊಂಡ ಗಂಡಸರಿಗೆಲ್ಲ ಅದನ್ನೇ ತೊಡಿಸುತ್ತಾನೆ. ಬದುಕಿರುವಷ್ಟು ದಿನ ಮೈಮೇಲೆ ಅಂಗಿ ಹಾಕದ ನಮ್ಮ ಬೀದಿಯ ಮುದುಕರೊಬ್ಬರು ಕೋಟಿನಲ್ಲಿ ಬಂದು ನಿಂತಾಗ ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. ‘ಈ ಕೋಟ ಓದ್ ತಿಂಗ್ಳು ಇನ್ನೊಬ್ಬ ಇಕ್ಕಂಡಿದ್ನಲ್ಲಮ್ಮಿ. ಒಗ್ದಾದ್ರೂ ಕೊಟ್ರಾ?’

ತಿಥಿ ಮುಗಿದ ಮೇಲೆ ಬ್ಯಾನರು ಎಲ್ಲಿಗೆ ಹೋಗುತ್ತದೆ ಅಂತ ಪಟ್ಟಣದವರಿಗೆ ತಿಳಿಯದು. ನಮ್ಮಲ್ಲಿ ಅದು ಹುಲ್ಲಿನ ಮೆದೆಯ ಮೇಲೆ, ಸೌದೆಯ ಮೇಲೆ, ಅಂಗಳದಲ್ಲಿ ಒಣಗಲು ಹಾಕಿದ ಅರಿಶಿನದ ಮೇಲೆ ಹೋಗುತ್ತದೆ. ನೀರು ಇಳಿಯದ ಗಟ್ಟಿ ಹೊದಿಕೆ, ಬಿಸಾಕುವುದಕ್ಕೆ ಯಾರಿಗೆ ಮನಸ್ಸು ಬರುತ್ತದೆ? ಹಾಗಾಗಿ ನಮ್ಮೂರಿನಲ್ಲಿ ಸತ್ತವರು ಬೇಗ ಊರು ಬಿಡುವುದಿಲ್ಲ. ಇನ್ನೆರಡು ಮಳೆಗಾಲ ಯಾವುದಾದರೂ ಕೊಟ್ಟಿಗೆಯ ಮೇಲಿಂದ ನಗುತ್ತಾ ಇರುತ್ತಾರೆ. ಬದು ಒತ್ತಿದವರ ಬ್ಯಾನರನ್ನು ಅತ್ತೆ ಅವರ ತಮ್ಮನ ಹತ್ತಿರ ಕೇಳಿ ಇಸಿದುಕೊಂಡು ತಮ್ಮ ಅರಿಶಿನಕ್ಕೆ ಹೊದಿಸಿದರು. ‘ಇಷ್ಟ್ ವರ್ಸ ನನ್ ಒಲ ತಿಂದವ್ನ, ಒಂದ್ ಮಳಗಾಲ ನನ್ ಅರಿಸ್ನ ಕಾಯ್ಲಿ’ ಅಂದರು.

ಹೀಗೆ ಊರವರ ಬ್ಯಾನರುಗಳನ್ನೆಲ್ಲ ಜಾಲಾಡುತ್ತಿದ್ದ ಅತ್ತೆಯ ಮನೆಯಲ್ಲೇ ಹೋದ ವರ್ಷ ಸಾವಾಯಿತು. ಮಾವ ಹೋದರು.

ಮಾವನ ಬಗ್ಗೆ ಏನು ಹೇಳಲಿ? ಒಳ್ಳೆಯವರೇ. ಮಾತು ಮಾತ್ರ ಬಂಗಾರಕ್ಕಿಂತ ದುಬಾರಿ. ಹೆಂಡತಿಯನ್ನು ಕೂಗುವುದಕ್ಕೆ ‘ಏಯ್’ ಒಂದೇ ಸಾಕಿತ್ತು. ಉಂಡೆದ್ದ ಮೇಲೆ, ತಟ್ಟೆಯಲ್ಲಿ ಒಂದಗುಳೂ ಉಳಿಸದೆ ಉಂಡ ಮೇಲೆ, ‘ಉಪ್ಪು ಕಮ್ಮಿ’ ಅನ್ನುವರು. ಮದುವೆಯಾದ ದಿನದಿಂದ ಸಾಯುವ ಹಿಂದಿನ ದಿನದವರೆಗೂ ಆ ಮನೆಯಲ್ಲಿ ಉಪ್ಪು ಕಮ್ಮಿಯೇ ಇತ್ತು. ಅತ್ತೆ ಊರಿಗೆಲ್ಲ ಜವಾಬು ಕೊಡುತ್ತಿದ್ದವರು, ಇದಕ್ಕೆ ಮಾತ್ರ ಯಾವತ್ತೂ ಎದುರಾಡಲಿಲ್ಲ. ಸುಮ್ಮನೆ ತಟ್ಟೆ ಎತ್ತುತ್ತಿದ್ದರು.

ಮಾವನ ಬ್ಯಾನರನ್ನೂ ನಾನೇ ಬರೆದೆ. ಆ ವಾರ ಶಾಲೆಯಲ್ಲಿ ಪರೀಕ್ಷೆ, ಮನೆಯ ತುಂಬ ನೆಂಟರು. ಫೋಟೋ ಕೊಟ್ಟು, ಅದೇ ಮೂರು ಪದ ಹಾಕಿ ಅಂತ ಹೇಳಿ ಬಂದುಬಿಟ್ಟೆ. ಮಾವನಿಗೂ ನೀಲಿ ಕೋಟು ಸಿಕ್ಕಿತು. ಬ್ಯಾನರ್ ಎದ್ದ ಸಂಜೆ ಬಸ್ಸಿಳಿದರೆ ಅತ್ತೆ ಒಬ್ಬರೇ ನಿಂತಿದ್ದರು. ಅಜ್ಜಿಯನ್ನು ಕರೆತಂದಿರಲಿಲ್ಲ.

‘ಓದಮ್ಮಿ.’

ಓದಿದೆ. ಸರಳ ಜೀವಿ, ಮೃದುಭಾಷಿ, ಅಜಾತಶತ್ರು. ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. ಬೇರೆ ಯಾರದೋ ವಿಷಯ ಕೇಳುವವರ ಹಾಗೆ, ‘ಅಷ್ಟೇಯಾ? ನನ್ ಸುದ್ದಿ ಏನೂ ಇಲ್ವಾ?’ ಅಂದರು.

ನನ್ನ ಸೋಮಾರಿತನದ ಮೇಲೆ ಸಿಟ್ಟು ಬಂತು. ಒಂದು ಸಾಲು ಬರೆಯಲು ನನಗೇನು ದಾಡಿಯಾಗಿತ್ತು? ಆಗ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

‘ಐತಲ್ಲ ಅತ್ತೆ. ಹೆಂಡತಿಯ ಕೈಯಡುಗೆ ಎಂದರೆ ಪ್ರಾಣ ಬಿಡುತ್ತಿದ್ದರು ಅಂತ ಬರ್ದದ.’

‘ಯಾವ್ ಸಾಲು? ತೋರ್ಸು.’

ಇಕ್ಕಟ್ಟಿಗೆ ಸಿಕ್ಕಿಕೊಂಡೆ. ಮೇಲಿನ ದೊಡ್ಡ ಅಕ್ಷರಗಳನ್ನು ತೋರಿಸಿದರೆ ನಾಳೆ ಬೇರೆ ಯಾರ ಕೈಲಾದರೂ ಓದಿಸಿಯಾರು. ಅದಕ್ಕೇ ಬಗ್ಗಿ, ಎಲ್ಲಕ್ಕಿಂತ ಕೆಳಗೆ, ಯಾರೂ ಓದದ ಚಿಕ್ಕ ಅಕ್ಷರದ ಸಾಲಿನ ಮೇಲೆ ಬೆರಳಿಟ್ಟೆ. ಅದು ಅಂಗಡಿಯವನ ಜಾಹೀರಾತು. ‘ಮದುವೆ, ನಾಮಕರಣ, ಗೃಹಪ್ರವೇಶ ಹಾಗೂ ಶ್ರದ್ಧಾಂಜಲಿ ಬ್ಯಾನರುಗಳನ್ನು ಅರ್ಜೆಂಟಾಗಿ ಮಾಡಿಕೊಡಲಾಗುವುದು.’

ಅತ್ತೆ ಕೆಳಗೆ ಕುಕ್ಕರಗಾಲಲ್ಲಿ ಕೂತರು. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಬೆರಳು ಆಡಿಸಿ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. ಉಪ್ಪಿನ ಸುದ್ದಿ ಎತ್ತಲಿಲ್ಲ. ಸುಳ್ಳು ಅನ್ನಲಿಲ್ಲ. ಊರಿನ ಎಲ್ಲ ಬ್ಯಾನರುಗಳನ್ನೂ ಸುಳ್ಳು ಅಂದ ಹೆಂಗಸು ಅದೊಂದನ್ನು ಮಾತ್ರ ಒಪ್ಪಿಕೊಂಡರು.

ಮನೆಗೆ ನಡೆಯುವಾಗ ಹೇಳಿದರು. ‘ನಂದೂ ನೀನೇ ಬರಿಬೇಕು ಕಣಮ್ಮಿ. ನೀನು ಸುಳ್ಳು ಬರೆಯೋಳಲ್ಲ, ಇವತ್ತು ಗೊತ್ತಾಯ್ತು. ಒಂದಕ್ಸರ ಸುಳ್ಳಿರಕೂಡ್ದು. ಮೃದುಭಾಷಿ ಗಿದುಭಾಷಿ ಅಂತ ಏನಾರ ಬರ್ದೆ ಅಂದ್ರ, ಗುಂಡಿಯಿಂದ ಎದ್ದು ಬಂದು ನಿನ್ ಕೈಗ ಬರೆ ಹಾಕ್ಬುಡ್ತಿನಿ.’

ಆಗಲಿ ಅತ್ತೆ ಅಂತ ಕೈ ಮೇಲೆ ಕೈ ಹಾಕಿ ಮಾತು ಕೊಟ್ಟೆ. ಸುಳ್ಳು ಹೇಳಿ ಇನ್ನೂ ಐದು ನಿಮಿಷ ಆಗಿರಲಿಲ್ಲ.

ಈ ವರ್ಷ ಅರಿಶಿನ ಬೇಯಿಸುವ ಕಾಲದಲ್ಲಿ ಅತ್ತೆ ಹೋದರು. ಹೆಚ್ಚು ನರಳಲಿಲ್ಲ. ಎರಡು ದಿನ ಜ್ವರ, ಮೂರನೆಯ ಬೆಳಿಗ್ಗೆ ಇಲ್ಲ. ಡ್ರಿಪ್ ಹಾಕಲು ಬಂದ ನರ್ಸಮ್ಮನಿಗೆ ಸೂಜಿ ಹಿಡಿಯುವುದು ಹೇಗೆ ಅಂತ ಹಿಂದಿನ ದಿನವಷ್ಟೇ ಪಾಠ ಹೇಳಿದ್ದರು.

ಅತ್ತೆಗೆ ಒಬ್ಬನೇ ಮಗ. ಚಾಮರಾಜನಗರದಲ್ಲಿ ಆಫೀಸ್ ಕೆಲಸ, ನಯ ನಾಜೂಕಿನ ಮನುಷ್ಯ. ಹಾಲು-ತುಪ್ಪದ ದಿನ ಬ್ಯಾನರಿನ ಮಾತು ಬಂದಾಗ ನಾನು ಅತ್ತೆಗೆ ಕೊಟ್ಟ ಮಾತು ಹೇಳಿದೆ. ಬರೆದುಕೊಂಡಿದ್ದನ್ನೂ ತೋರಿಸಿದೆ. ಅವನ ಮುಖ ಹುಳ್ಳಗಾಯಿತು.

‘ಬೈಯುವುದರಲ್ಲಿ ಎತ್ತಿದ ಕೈ ಅಂತ ಬ್ಯಾನರ್ ಮ್ಯಾಲ ಹಾಕ್ಸದಾ ಅತ್ಗೆ? ನಮ್ ಆಫೀಸ್ನೋರೆಲ್ಲ ತಿಥಿಗ ಬತ್ತಾರ. ಬ್ಯಾಡಿ. ಮೃದುಭಾಷಿ ಅಂತ ಹಾಕ್ಬುಡಿ, ಎಲ್ರಿಗೂ ಹಾಕಂಗ.’

‘ನಿಮ್ಮಮ್ಮ ಎದ್ದು ಬಂದು ಬರೆ ಹಾಕೋದು ನನ್ ಕೈಗ ಕಣಪ್ಪ, ನಿನ್ ಕೈಗಲ್ಲ!’

‘ಅಮ್ಮನ್ನ ನಾಕ್ ಜನ ನೋಡಿ ನಗಬಾರ್ದು ಅತ್ಗೆ’ ಅಂದ. ಬರೆದ ಹಾಳೆಯನ್ನು ಮಡಚಿಟ್ಟೆ. ಹೆತ್ತ ಮಗನಿಗಿಂತ ನನ್ನದೇನು ದೊಡ್ಡದು? ಮಾತು ತಪ್ಪುವುದೇ ಸೈ ಅಂದುಕೊಂಡೆ.

ಮಾರನೆಯ ದಿನ ಇಬ್ಬರೂ ಅತ್ತೆಯ ಸಾಮಾನು ತೆಗೆಯುತ್ತಿದ್ದೆವು. ಮಾವನ ಬ್ಯಾನರ್ ಹಿತ್ತಲಲ್ಲಿ ಸೌದೆಯ ಮೇಲಿತ್ತು. ಕೋಟು ಹಾಕಿಕೊಂಡ ಮಾವ ಮಳೆ ಬಿಸಿಲಿಗೆ ಬಿಳಿಚಿಕೊಂಡು ಸೌದೆ ಕಾಯುತ್ತಿದ್ದರು. ಕೆಳಗಿನ ಅಂಚನ್ನು ಯಾರೋ ಕತ್ತರಿಸಿದ್ದರು. ಇಲಿ ಕಡಿದದ್ದಲ್ಲ, ನೆಟ್ಟಗೆ ಕತ್ತರಿಯಲ್ಲಿ ಕತ್ತರಿಸಿದ್ದು. ನಾನು ಅದರ ಬಗ್ಗೆ ಯೋಚಿಸಲಿಲ್ಲ. ಒಳಗೆ ಅವನು ಅತ್ತೆಯ ಎಲೆಯಡಿಕೆ ಚೀಲ ಬಿಚ್ಚಿದ. ಅಡಿಕೆ ಚೂರು, ಒಣಗಿದ ಎಲೆ, ಸುಣ್ಣದ ಡಬ್ಬಿ. ಅದರ ಕೆಳಗೆ, ನಾಲ್ಕು ಮಡಿಕೆ ಮಾಡಿದ ಫ್ಲೆಕ್ಸಿನ ಪಟ್ಟಿ.

ಬಿಡಿಸಿ ಓದಿದ. ‘ಮದುವೆ, ನಾಮಕರಣ, ಗೃಹಪ್ರವೇಶ ಹಾಗೂ...’

‘ಇದ್ಯಾಕ ಅಮ್ಮನ ಚೀಲದಲ್ಲಿ? ಬ್ಯಾನರ್ ಅಂಗ್ಡಿಯವ್ನ ಜಾಹೀರಾತು! ಅಮ್ಮಂಗೇನು ಅರ್ಜೆಂಟಿತ್ತು ಅತ್ಗೆ?’

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಸಾವಿನ ದಿನ ಬರದ ಅಳು ಆಗ ಬಂತು. ಗಂಡನ ಮುಖವನ್ನು ಸೌದೆಗೆ ಹೊದಿಸಿ, ಮಾವ ಹೇಳದೇ ಹೋದ ಮಾತೊಂದನ್ನು ಮಾತ್ರ ಕತ್ತರಿಸಿ, ದಿನಕ್ಕೆ ಹತ್ತು ಸಲ ಕೈ ಹಾಕುವ ಚೀಲದಲ್ಲಿ ಇಟ್ಟುಕೊಂಡಿದ್ದರು. ಆ ಮಾತು ಅಲ್ಲಿರಲೇ ಇಲ್ಲ. ನಾಚಿಕೆ, ಸಂಕಟ ಎರಡೂ ಒಟ್ಟಿಗೆ ಬಂದವು. ಸುಧಾರಿಸಿಕೊಂಡು ನಡೆದದ್ದನ್ನೆಲ್ಲ ಅವನಿಗೆ ಹೇಳಿದೆ. ಕೇಳುತ್ತಾ ಕೇಳುತ್ತಾ ಮೊದಲು ನಕ್ಕ. ಆಮೇಲೆ ಗೋಡೆ ಕಡೆ ತಿರುಗಿ ಕೂತ. ಪಟ್ಟಿಯನ್ನು ಮತ್ತೆ ಮಡಿಕೆ ಮಾಡುತ್ತಾ, ‘ನೀವ್ ಬರ್ದಿರದನ್ನೇ ಹಾಕ್ಸಿ ಅತ್ಗೆ. ನಗೋರು ನಗ್ಲಿ’ ಅಂದ.

ಗುಂಡ್ಲುಪೇಟೆಯ ಅಂಗಡಿಯಲ್ಲಿ ಕೂತು ನಾನೇ ಹೇಳಿ ಟೈಪ್ ಮಾಡಿಸಿದೆ. ಅತ್ತೆಯ ಫೋಟೋಗೆ ಅಂಗಡಿಯವನು ಕಂಪ್ಯೂಟರಿನ ರೇಷ್ಮೆ ಸೀರೆ ಉಡಿಸಲು ಹೊರಟಿದ್ದ, ಮುಟ್ಟಬೇಡ ಅಂದೆ. ‘ಬೈಯುವುದರಲ್ಲಿ ಎತ್ತಿದ ಕೈ. ಬೈಸಿಕೊಂಡವರ ಮನೆಗೆ ಮಾರನೆಯ ದಿನ ಸೊಪ್ಪು ಕಳಿಸುತ್ತಿದ್ದರು. ನಮ್ಮೂರಿನಲ್ಲಿ ಸತ್ತವರ ಬಗ್ಗೆ ನಿಜ ಹೇಳಿದವರು ಇವರೊಬ್ಬರೇ.’ ಅವನು ಎರಡು ಸಲ ನನ್ನ ಮುಖ ನೋಡಿದ, ಟೈಪ್ ಮಾಡಿದ.

‘ಇನ್ನೊಂದು ಸಾಲಿದೆ. ಇವರ ಕೈಯಡುಗೆ ಎಂದರೆ ಯಜಮಾನರು ಪ್ರಾಣ ಬಿಡುತ್ತಿದ್ದರು.’

‘ಮೇಲೆ ಹಾಕ್ಲಾ ಮೇಡಂ?’

‘ಬೇಡ. ಎಲ್ಲಕ್ಕಿಂತ ಕೆಳಗೆ, ನಿನ್ನ ಜಾಹೀರಾತು ಇರುತ್ತಲ್ಲ, ಆ ಜಾಗಕ್ಕೆ. ಅಷ್ಟೇ ಚಿಕ್ಕ ಅಕ್ಷರದಲ್ಲಿ.’

‘ನಮ್ ಅಂಗಡಿದು?’

‘ಇದೊಂದ್ಸಲ ಬಿಡಪ್ಪ. ಹೋದ ವರ್ಷ ನಿನ್ನ ಜಾಹೀರಾತನ್ನ ಒಬ್ಬರು ಕಣ್ಣಿಗೊತ್ತಿಕೊಂಡಿದ್ದಾರೆ, ಅಷ್ಟು ಸಾಕು.’ ಅವನಿಗೆ ಏನೂ ಅರ್ಥವಾಗಲಿಲ್ಲ. ತಲೆ ಕೆರೆದುಕೊಂಡು ಹಾಕಿದ.

ಬ್ಯಾನರ್ ಎದ್ದ ಸಂಜೆ ಬಸ್ಸಿಳಿದರೆ ಪಕ್ಕದ ಮನೆಯ ಅಜ್ಜಿ ಒಬ್ಬರೇ ಅದರ ಮುಂದೆ ನಿಂತಿದ್ದರು, ಸೊಂಟಕ್ಕೆ ಕೈಕೊಟ್ಟು.

‘ಓದಮ್ಮಿ’ ಅಂದರು.

ಓದಿದೆ. ಬೈಗುಳಕ್ಕೆ ತಲೆಯಾಡಿಸಿದರು, ಸೊಪ್ಪಿಗೆ ಕಣ್ಣೊರೆಸಿಕೊಂಡರು. ಕೊನೆಯ ಸಾಲಿಗೆ ಮಾತ್ರ ಹುಬ್ಬು ಮೇಲೇರಿತು.

‘ಯಾವ್ ಸಾಲಮ್ಮಿ ಅದು? ತೋರ್ಸು.’

ಬಗ್ಗಿ ಬೆರಳಿಟ್ಟೆ. ಈ ಸಲ ಅದು ಅಲ್ಲೇ ಇತ್ತು.

‘ಸುಳ್ಳು ಕಣಮ್ಮಿ! ದಿನಾ ಉಪ್ಪು ಕಮ್ಮಿ ಅಂತಿದ್ನಲ್ಲ, ನಮ್ ಮನಗೂ ಕೇಳೋದು. ಅವ್ಳಿದ್ದಿದ್ರ ಒಪ್ತಿದ್ಲಾ ಇದ?’

‘ಒಪ್ಕಂಡಿದ್ರು ಕಣಜ್ಜಿ’ ಅಂದೆ. ‘ಇದೊಂದನ್ನ ಒಪ್ಕಂಡಿದ್ರು.’