ಗೋಡೆಗೆ ಕೂಗಿದ ಹೆಸರುಗಳು

ಪುರಸಭೆಯಲ್ಲಿ ವಿಚಾರಣೆಗೆ ಜನರನ್ನು ಕೂಗುವ ಜವಾನನನ್ನು ಊರೆಲ್ಲ ಮೈಕು ಎಂದೇ ಕರೆಯುತ್ತಿತ್ತು. ಮನೆಯಲ್ಲಿ ಅವನು ಹೆಂಡತಿಯನ್ನು ಕರೆದರೆ ಪಕ್ಕದ ಬೀದಿಯ ಹೆಂಗಸರು ಓಗೊಡುತ್ತಿದ್ದರು.

ಯಾರ ಕಟ್ಟಡ ಕೆಡವುವ ಮೊದಲೂ ಅವರ ಮಾತು ಕೇಳಬೇಕೆಂಬುದು ನಿಯಮ. ಮೈಕು ಮೂರು ಸಲ ಹೆಸರು ಕೂಗಬೇಕು. ಬಾರದಿದ್ದರೆ ಗೈರು, ಕೆಡವಲು ಅಡ್ಡಿಯಿಲ್ಲ. ಹೊಸ ಸಾಹೇಬರು ಬಂದ ಮೇಲೂ ನಿಯಮ ಹಾಗೇ ಉಳಿಯಿತು, ಬಾಗಿಲು ಮಾತ್ರ ಮುಚ್ಚಿತು. "ಇಲ್ಲೇ ಕೂಗಪ್ಪ, ಎಸಿ ಗಾಳಿ ಹೊರಗೆ ಹೋಗುತ್ತೆ." ಮೈಕು ಗೋಡೆಗೆ ಮುಖ ಮಾಡಿ, ಮಲಗಿದ ಮಗುವಿನ ಪಕ್ಕ ಮಾತಾಡುವವನಂತೆ ಹೆಸರು ಹೇಳುತ್ತಿದ್ದ. ಹೊರಗೆ ಬೆಂಚಿನ ಮೇಲೆ ಜನ ಸಂಜೆಯವರೆಗೂ ಕಾಯುತ್ತಿದ್ದರು.

ರಸ್ತೆ ಅಗಲ ಮಾಡಲು ಕೆಡವುವ ಸರದಿ ಅವನ ಅಕ್ಕನ ಹೊಲಿಗೆ ಅಂಗಡಿಗೂ ಬಂತು. ಗಂಡ ಸತ್ತ ಮೇಲೆ ಅವಳು ಬದುಕಿದ್ದೇ ಅದರಿಂದ. ಪಕ್ಕದಂಗಡಿಯ ಬೀಗ ರಿಪೇರಿಯವನ ಜೊತೆ ಬೆಳಿಗ್ಗೆಯೇ ಬಂದು ಬೆಂಚಿನಲ್ಲಿ ಕೂತಳು.

ಒಳಗೆ ಮೈಕು ಬೀಗದವನ ಹೆಸರನ್ನು ಗೋಡೆಗೆ ಹೇಳಿ ಮುಗಿಸಿದ. ಸಾಹೇಬರು ಗೈರು ಎಂದರು. ಮುಂದಿನ ಹೆಸರು ಅಕ್ಕನದು. ಮೈಕು ಹೋಗಿ ಬಾಗಿಲು ತೆರೆದು ಕೂಗಿದ. ಕಾರಿಡಾರಿನ ಆ ತುದಿಯಲ್ಲಿ ತೂಕಡಿಸುತ್ತಿದ್ದ ಗುಮಾಸ್ತ ಎದ್ದು ನಿಂತ.

ಅಕ್ಕ ಒಳಗೆ ಬಂದಳು, ಕೂರಲಿಲ್ಲ. "ಸಾರ್, ನನಗಿಂತ ಮುಂಚೆ ಬೀಗದವರದು ಇತ್ತಲ್ಲ?"

"ಅವರು ಗೈರು."

"ನನ್ನ ಪಕ್ಕದಲ್ಲೇ ಕೂತು ನನ್ನ ತಿಂಡಿ ಅರ್ಧ ಖಾಲಿ ಮಾಡಿದ್ರು. ಗೈರಾದವರಿಗೆ ಅಷ್ಟು ಹಸಿವಾಗುತ್ತಾ?"

ಮೈಕು ತಲೆ ತಗ್ಗಿಸಿದ. ಅಕ್ಕನಿಗೆ ಎಲ್ಲ ಅರ್ಥವಾಯಿತು. "ಎಷ್ಟು ಜನರಿಗೆ ಹೀಗೆ ಮಾಡಿದ್ದೀಯೋ?"

"ಸಾಹೇಬ್ರು ಹೇಳಿದ್ರು, ಅಕ್ಕ."

"ನನ್ನನ್ನ ಕೂಗು ಅಂತಲೂ ಅವರೇ ಹೇಳಿದ್ರಾ?"

ಅವನು ಕೈಯಲ್ಲಿದ್ದ ಹೆಸರಿನ ಪಟ್ಟಿಯನ್ನು ಮಡಚಿದ.

"ಬೀಗದವರನ್ನ ಕರಿ. ಅವರ ಮಾತು ಮುಗಿಯೋ ತನಕ ನಾನು ಬಾಯಿ ಬಿಡಲ್ಲ."

"ಹಾಗಾದ್ರೆ ನಿಮ್ಮದೂ ಗೈರೇ ಕಣಮ್ಮ," ಎಂದರು ಸಾಹೇಬರು.

"ಬರ್ಕೊಳ್ಳಿ. ನನ್ನ ಮುಖ ನೋಡ್ಕೊಂಡೇ ಬರ್ಕೊಳ್ಳಿ."

ಮೈಕು ಮತ್ತೆ ಬಾಗಿಲಿಗೆ ಹೋದ. ಬೀಗದವನನ್ನು ಕೂಗಿದ, ಆಮೇಲೆ ಬೆಳಗಿನಿಂದ ಗೈರಾದ ಎಲ್ಲರನ್ನೂ. ಬೆಂಚು ಖಾಲಿಯಾಯಿತು, ಕೋಣೆ ತುಂಬಿತು. ಅಷ್ಟು ಜನರ ಎದುರು ಆ ಪದ ಸಾಹೇಬರ ಬಾಯಿಂದ ಹೊರಡಲಿಲ್ಲ. ಒಬ್ಬೊಬ್ಬರ ಮಾತನ್ನೂ ಕೇಳಬೇಕಾಯಿತು.

ಕೊನೆಗೆ ರಸ್ತೆಗೆ ಹೋದದ್ದು ಅಕ್ಕನ ಅಂಗಡಿಯ ಮುಂಭಾಗವಷ್ಟೇ. ಉಳಿದ ಜಾಗದಲ್ಲಿ ಹೊಲಿಗೆ ಯಂತ್ರ ಓಡುತ್ತಿದೆ. ಮೈಕುವನ್ನು ಊರಾಚೆಯ ಪಂಪ್‌ಹೌಸಿಗೆ ಹಾಕಿದ್ದಾರೆ. ಅಲ್ಲಿ ಕೂಗಲು ಯಾರೂ ಇಲ್ಲ. ರಜೆಯಲ್ಲಿ ಅಕ್ಕನ ಬಳಿ ಬಂದು ಕೂರುತ್ತಾನೆ. ಅವಳು ಮಾತಾಡುವುದು ಕಡಿಮೆ.

"ನಿನಗೋಸ್ಕರ ತಾನೇ ಅಕ್ಕ ಬಾಗಿಲು ತೆಗೆದದ್ದು," ಎಂದು ಒಮ್ಮೆ ಗೊಣಗಿದ.

ಅವಳು ಹಲ್ಲಿನಿಂದ ದಾರ ಕಡಿದಳು. "ಅದಕ್ಕೇ ಕಣೋ ಕೋಪ."