ಸುಬ್ರಾಯ ಡಾಕ್ಟರ ಕಷಾಯ

ಕೊರೊನಾ ಕಾಲದಲ್ಲೇ ಮಲೇಷ್ಯಾದ ಸುಬಾಂಗ್ ಜಯಾದ ಮೆಡಿಕಲ್ ಕಾಲೇಜಿನಲ್ಲಿ ಹುಟ್ಟಿದ ಹುಡುಗಿಯರ ಮೊದಲ ಬಾಸ್ಕೆಟ್‌ಬಾಲ್ ತಂಡಕ್ಕೆ ಉಡುಪಿಯ ಸುಬ್ರಾಯ ಡಾಕ್ಟರೇ ಮ್ಯಾನೇಜರು. ಚೆಂಡು ಮುಟ್ಟಿದವರಲ್ಲ, ಕಿರಾತಕಡ್ಡಿ ಕಷಾಯದ ಫ್ಲಾಸ್ಕು ಬಿಟ್ಟವರೂ ಅಲ್ಲ. ಪ್ರತಿ ಪಂದ್ಯಕ್ಕೂ ಮುಂಚೆ, "ಕುಡೀರಿ ಮಾರಾಯ್ರೆ, ಶಕ್ತಿ ಬರ್ತದೆ" ಎಂದು ಹುಡುಗಿಯರಿಗೆಲ್ಲ ಒಂದೊಂದು ಗುಟುಕು. ಅವರು ಮುಖ ಕಿವುಚಿದಷ್ಟೂ ಇವರ ಮುಖ ಅರಳುತ್ತಿತ್ತು. ತಂಡ ಗೆಲ್ಲುತ್ತ ಹೋದಂತೆ ಎದುರಾಳಿಗಳೂ ಕಷಾಯದ ಗುಟ್ಟು ಕೇಳತೊಡಗಿದರು. ಗುಟ್ಟು ಶಕ್ತಿಯದಲ್ಲ, ಪರೀಕ್ಷೆಯದು; ಕೊರೊನಾಕ್ಕೆ ಮೊದಲು ಸಾಯುವುದು ನಾಲಿಗೆಯ ರುಚಿ ಎಂಬುದನ್ನು ವಾರ್ಡಿನಲ್ಲಿ ಕಣ್ಣಾರೆ ಕಂಡವರು ಡಾಕ್ಟರು. ಫೈನಲ್ ದಿನ ಕ್ಯಾಪ್ಟನ್ ಶ್ರೀಯಾ ಹುಬ್ಬೂ ಅಲುಗಿಸದೆ ನುಂಗಿದಳು. ಡಾಕ್ಟರು ಫ್ಲಾಸ್ಕು ಕೆಳಗಿಟ್ಟು ಅವಳ ಹಣೆ ಮುಟ್ಟಿ ನೋಡಿದರು. "ಥೂ, ಕಹಿ ಲಾ ಸರ್! ಸುಮ್ನೆ ಆಕ್ಟಿಂಗ್!" ಎಂದು ಅವಳು ಅಲ್ಲಿಯವರ 'ಲಾ' ಸೇರಿಸಿ ನಕ್ಕಾಗಲೇ ಅವರಿಗೆ ಹೋದ ಜೀವ ಬಂದದ್ದು. ಸಂಜೆ ಹುಡುಗಿಯರು ಕಪ್ ಎತ್ತಿ ಕುಣಿಯುತ್ತಿದ್ದರೆ, ಡಾಕ್ಟರು ಬೆಂಚಿನ ಮೇಲೆ ಕೂತು, ಉಳಿದ ಕಷಾಯವನ್ನು ಮೊದಲ ಸಲ ತಾವೇ ಕುಡಿದು, ಮುಖ ಕಿವುಚಿ, ಗಟ್ಟಿಯಾಗಿ ನಕ್ಕುಬಿಟ್ಟರು.