ಚಾಚಾರ ಕಿರುಬೆರಳು

ಬೆಸುಗೆಯ ಕಾವಿಗೆ ಸುಟ್ಟು ಸುಟ್ಟು ಚಾಚಾರ ಬಲಗೈ ಹೆಬ್ಬೆರಳ ತುದಿ ಕೊರಡಾಗಿತ್ತು. ಹಾಗಾಗಿ ಹಳೇ ವಿಡಿಯೋ ಗೇಮಿನ ರಿಮೋಟುಗಳ ಗುಂಡಿಗಳನ್ನು ಅವರು ಕಿರುಬೆರಳಿನಿಂದ ಒತ್ತಿ ನೋಡುತ್ತಿದ್ದರು. "ಹೆಬ್ಬೆರಳು ಸುಳ್ಳು ಹೇಳ್ತೈತೆ ಬೇಟಿ, ಇದು ಹೇಳಲ್ಲ" ಎನ್ನುತ್ತಿದ್ದರು.

ಮನೆ ಹರಿಹರದಲ್ಲಿ, ರಿಪೇರಿ ಅಂಗಡಿ ದಾವಣಗೆರೆಯಲ್ಲಿ. ದಿನಾ ಬಸ್ಸಿಗೆ ಬರುವವರು. ಹೊಸದು ತಗೊಳ್ಳಿ ಎಂಬ ಮಾತು ಅವರ ಬಾಯಲ್ಲಿ ಬಂದದ್ದೇ ಇಲ್ಲ. ರಿಮೋಟ್ ಕೊಟ್ಟರೆ ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಮನ್ಯಾಗ ಇದನ್ನ ಯಾರು ಹಿಡೀತಾರ?"

ಮೊದಲ ಸಲ ಹೋದಾಗ ಆ ಪ್ರಶ್ನೆಗೆ ನಾನು ಅತ್ತುಬಿಟ್ಟೆ. ರಿಮೋಟ್ ಅಣ್ಣನದು. ಊರಂಚಿನ ಕರೂರಿನ ಫ್ಯಾಕ್ಟರಿಯಿಂದ ಬಂದು ಕೈಕಾಲು ತೊಳೆಯುವ ಮೊದಲೇ ಆಟಕ್ಕೆ ಕೂರುತ್ತಿದ್ದವನು ಬೈಕ್ ಅಪಘಾತದಲ್ಲಿ ಹೋಗಿ ಎರಡು ವರ್ಷವಾಗಿತ್ತು. ಈಗ ಆಟ ಹಾಕಿದರೆ, ಯಾರೂ ಮುಟ್ಟದಿದ್ದರೂ ಪರದೆಯ ಮೇಲಿನ ಗೊಂಬೆ ತಾನೇ ಬಲಕ್ಕೆ ನಡೆಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ನಡೆಯುತ್ತಿತ್ತು. "ಅವನೇ ಬಂದಾನ" ಎಂದು ಅವ್ವ ಟಿವಿ ಮುಂದೆ ಕೂತಳು. ಎದ್ದರೆ ಎಲ್ಲಿ ಹೊರಟುಬಿಡುತ್ತಾನೋ ಎಂದು ಊಟವನ್ನೂ ಬಿಟ್ಟಳು. ಅವ್ವನೂ ಕೈತಪ್ಪುತ್ತಾಳೆಂದು ಹೆದರಿ, ಅವಳಿಗೆ ಜೊಂಪು ಹತ್ತಿದಾಗ ನಾನು ರಿಮೋಟ್ ಎತ್ತಿಕೊಂಡು ಬಂದಿದ್ದೆ.

ಚಾಚಾ ಸ್ಕ್ರೂ ಬಿಚ್ಚಿದರು. ಬಲಗುಂಡಿಯ ರಬ್ಬರಿನಡಿ ಕೆಂಪಗೆ ಏನೋ ಮೆತ್ತಿತ್ತು. ನಾನು ರಕ್ತವೆಂದುಕೊಂಡು ಕಣ್ಣು ಮುಚ್ಚಿದೆ. ಅವರು ಕಿರುಬೆರಳಿಗೆ ತಗಲಿಸಿಕೊಂಡು ಮೂಸಿ, "ಕುಂಕುಮ" ಅಂದರು. ಆ ವರ್ಷದ ಆಯುಧಪೂಜೆಗೆ ಅವ್ವ ಅಣ್ಣನ ಸ್ಪ್ಯಾನರಿನ ಜೊತೆ ರಿಮೋಟನ್ನೂ ಇಟ್ಟು, ನೀರಲ್ಲಿ ಕಲಸಿದ ಕುಂಕುಮ ಹಚ್ಚಿದ್ದಳು. ಅದು ಒಳಗಿಳಿದು, ಗಾಳಿ ತೇವವಾದಾಗಲೆಲ್ಲ ಗುಂಡಿ ಒತ್ತಿದಂತೆಯೇ ಕೆಲಸ ಮಾಡುತ್ತಿತ್ತು.

"ಒರೆಸಿದ್ರೆ ಗೊಂಬೆ ನಿಂತೋಗ್ತೈತೆ. ಅವ್ವಗ ಏನ್ ಹೇಳ್ತಿ?" ಎಂದು ಕೇಳಿದರು. ಅವರು ಒರೆಸದೆಯೇ ರಿಮೋಟನ್ನು ಕಾಗದದಲ್ಲಿ ಸುತ್ತಿ, ಷಟರ್ ಎಳೆದು, ನನ್ನ ಜೊತೆ ದೇವರಾಜ ಅರಸು ಬಡಾವಣೆಯ ನಮ್ಮ ಮನೆಗೇ ಬಂದರು.

ಅವ್ವನೆದುರು ಮತ್ತೆ ಬಿಚ್ಚಿದರು. ಕುಂಕುಮ ತೋರಿಸಿ, ಹತ್ತಿಯನ್ನು ಅವಳ ಕೈಗೆ ಕೊಟ್ಟರು. "ನೀವೇ ಒರೆಸ್ರಿ ಅಕ್ಕಾರೆ. ನಾ ಒರೆಸಿದ್ರೆ ನಿಮ್ಮ ಮಗನ್ನ ನಾ ಕಳಿಸಿದಂಗ ಆಗ್ತೈತೆ."

ಅವ್ವ ಹತ್ತಿಯನ್ನು ಬೆರಳಿಗೆ ಸುತ್ತಿಕೊಂಡು ಒರೆಸಿದಳು. ಚಾಚಾ ಸ್ಕ್ರೂ ಬಿಗಿದು ಆಟ ಹಾಕಿದರೆ ಗೊಂಬೆ ಅಲುಗಲಿಲ್ಲ. ಅಣ್ಣನ ಹೆಣ ಬಂದ ದಿನವೂ ಅಳದವಳು ಅಂದು ಗೋಳೋ ಎಂದು ಅತ್ತಳು. ಚಾಚಾ ಎದ್ದು ಹೋಗಲಿಲ್ಲ. ಅಳು ತಗ್ಗಿದ ಮೇಲೆ, "ನಂಗೂ ಹಸಿವಾಗೈತೆ, ಇಬ್ರೂ ಉಣ್ಣಾನ ಬರ್ರಿ" ಅಂದರು. ಅವ್ವ ಎದ್ದು ರೊಟ್ಟಿ ಬಡಿದಳು. ಹೊರಡುವಾಗ ಚಾಚಾ ಬಾಗಿಲಲ್ಲಿ ನಿಂತು, "ಇನ್ನ ಮ್ಯಾಲೆ ಕುಂಕುಮಾನ ರಿಮೋಟಿನ ಬೆನ್ನಿಗೆ ಹಚ್ರಿ, ಮುಖಕ್ಕೆ ಬ್ಯಾಡ" ಎಂದು ನಗಿಸಿದರು.

ಆಮೇಲೆ ಭಾನುವಾರಗಳಂದು ನಾನು ಅವರ ಮೇಜಿನ ಪಕ್ಕ ಕೂತು ಕೆಲಸ ಕಲಿತೆ. ಹೋದ ವರ್ಷ ಚಾಚಾ ತೀರಿಕೊಂಡರು. ಹರಿಹರದ ಮನೆಗೆ ಹೋದಾಗ ಅವರ ಹೆಂಡತಿ ಅವರ ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟರು.

ಈ ಸಲದ ಆಯುಧಪೂಜೆ ಮುಗಿದು ವಾರವಾದ ಮೇಲೆ, ಒಂದು ಸಂಜೆ, ಆಟ ಹಾಕಿ ರಿಮೋಟನ್ನು ನೆಲದ ಮೇಲಿಟ್ಟಿದ್ದೆ. ಗೊಂಬೆ ಎರಡು ಹೆಜ್ಜೆ ನಡೆಯಿತು.

ಅವ್ವ ಅಡುಗೆಮನೆಯಿಂದಲೇ ನೋಡಿ, "ನಾನು ಕೈತಪ್ಪಿ ಮುಂದ ಕುಂಕುಮ ಹಚ್ಚಿದ್ನೇನೋ, ಬಿಚ್ಚಿ ನೋಡು" ಅಂದಳು. ಬಿಚ್ಚಿದೆ. ಒಳಗೆಲ್ಲ ಸ್ವಚ್ಛವಾಗಿತ್ತು. ಕಿರುಬೆರಳಿನಿಂದ ಒತ್ತಿ ನೋಡಿದೆ. ಗುಂಡಿಯಲ್ಲೂ ದೋಷವಿರಲಿಲ್ಲ.

"ಏನಿತ್ತು?" ಎಂದಳು ಅವ್ವ.

"ಕುಂಕುಮ" ಅಂದೆ.

ಕಾರಣವಿಲ್ಲದೆ ಯಾವ ಗುಂಡಿಯೂ ಕೆಡುವುದಿಲ್ಲವೆಂದು ಚಾಚಾರೇ ಕಲಿಸಿದ್ದರು. ಹುಡುಕಿದರೆ ನನಗೂ ಸಿಕ್ಕೀತು. ಆದರೆ ಅಂದು ಅವ್ವನಿಗೆ ಕೊಟ್ಟಂತೆ ನನ್ನ ಕೈಗೆ ಹತ್ತಿ ಕೊಡಲು ಈಗ ಅವರಿಲ್ಲ. ಸ್ಕ್ರೂ ಬಿಗಿದು ರಿಮೋಟನ್ನು ಮತ್ತೆ ನೆಲದ ಮೇಲಿಟ್ಟೆ. ಅವ್ವ ಊಟಕ್ಕೆ ಕರೆದಳು. ನಾನು ಟಿವಿ ಮುಂದಿನಿಂದ ಏಳಲಿಲ್ಲ.